ಕೈಗುಣ ಬೇಕು, ಕಣ್ಕಟ್ಟು ಬೇಡ

ಪೋಸ್ಟ್ 1

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬೇಕಿತ್ತು. ನಿದ್ದೆ ಬರಲಿಲ್ಲ. ಸಿಟ್ಟು ಬಂದರೆ ನನಗೆ ನಿದ್ದೆ ಹತ್ತುವುದಿಲ್ಲ, ಅದು ಅಮ್ಮನಿಂದ ಬಂದ ಗುಣ. ಹಾಗಾಗಿ ಬರೆಯುತ್ತಿದ್ದೇನೆ. ಉದ್ದ ಆಗ್ತದೆ, ನಾಲ್ಕು ಕಂತಾದರೂ ಬೇಕು. ಓದುವವರು ಚಾ ಮಾಡಿಕೊಂಡು ಕೂತುಕೊಳ್ಳಿ.

ಮೊನ್ನೆ ರಾತ್ರಿ ನನ್ನ ಪಾಲಿಗೆ ಬಂದ ಎಂಟು ಪೇಶೆಂಟುಗಳಲ್ಲಿ ಒಬ್ಬರು ಎಪ್ಪತ್ತೆಂಟು ವರ್ಷದ ಚೀನೀ ಅಜ್ಜಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರನೇ ದಿನ. ಇಲ್ಲಿ ಪೆಟಾಲಿಂಗ್ ಜಯಾದಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಆಂಟಿ ಎನ್ನುತ್ತೇವೆ, ಅವರು ನಮ್ಮನ್ನು ಮಿಸ್ಸಿ ಎನ್ನುತ್ತಾರೆ. ಮಲಯಾಳಿ ನರ್ಸಿರಲಿ, ಫಿಲಿಪ್ಪೀನ್ಸಿನವಳಿರಲಿ, ಉಡುಪಿ ಕಡೆಯ ನಾನಿರಲಿ, ಎಲ್ಲರೂ ಮಿಸ್ಸಿ. ಈ ಆಂಟಿಗೆ ರಾತ್ರಿ ಹನ್ನೊಂದರಿಂದ ಒಂದೇ ಹಟ: ನಿದ್ದೆ ಮಾತ್ರೆ ಕೊಡು. ಡಾಕ್ಟರ್ ಬರೆದಿರಲಿಲ್ಲ, ಬರೆಯದೇ ಇದ್ದದ್ದೂ ಸರಿಯೇ. ಈ ವಯಸ್ಸಿನಲ್ಲಿ ನಿದ್ದೆ ಮಾತ್ರೆ ಕೊಟ್ಟರೆ ನಡುರಾತ್ರಿ ತಾನೆಲ್ಲಿದ್ದೇನೆ ಎಂಬುದೇ ಮರೆತು ಎದ್ದು ನಡೆಯಲು ಹೊರಡುತ್ತಾರೆ, ಇನ್ನೊಂದು ಮೂಳೆ ಮುರಿಯುತ್ತದೆ.

ಮಗ ಕೌಂಟರಿಗೆ ಬಂದ. ಒಳ್ಳೆಯ ಹುಡುಗ, ಅಮ್ಮನ ಪಕ್ಕದ ಕುರ್ಚಿಯಲ್ಲೇ ಮೂರು ರಾತ್ರಿ ಕಳೆದವ. ದನಿ ತಗ್ಗಿಸಿ ಹೇಳಿದ: "ಮಿಸ್ಸಿ, ಒಂದು ವಿಟಮಿನ್ ಮಾತ್ರೆ ಕೊಟ್ಟು ನಿದ್ದೆ ಮಾತ್ರೆ ಅಂತ ಹೇಳಿಬಿಡಿ. ಅಮ್ಮನಿಗೆ ಗೊತ್ತಾಗುವುದಿಲ್ಲ."

ನಾನು ಆಗುವುದಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು.

ಆಮೇಲೆ ಮಾಡಿದ್ದು ಇಷ್ಟು. ಹನ್ನೆರಡಕ್ಕೆ ಅವರಿಗೆ ನೋವಿನ ಪ್ಯಾನಡಾಲ್ ಇತ್ತು. ಅದನ್ನು ಸುಮ್ಮನೆ ಕಪ್ಪಿನಲ್ಲಿಟ್ಟು ಹೋಗುವ ಬದಲು ಹತ್ತಿರ ಕೂತು ಹೇಳಿದೆ: "ಆಂಟಿ, ಇದು ನಿದ್ದೆ ಮಾತ್ರೆ ಅಲ್ಲ. ನಿಮ್ಮ ಸೊಂಟದ ನೋವಿಗೆ. ನೋವು ಇಳಿದರೆ ನಿದ್ದೆ ತಾನಾಗಿ ಬರ್ತದೆ, ತುಂಬ ಜನಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ." ತಲೆಯ ಮೇಲಿನ ಲೈಟು ಆರಿಸಿದೆ. ದಿಂಬು ಸರಿಮಾಡಿ ಮುರಿದ ಕಡೆಯ ಕಾಲಿಗೆ ಆಧಾರ ಕೊಟ್ಟೆ. ಅವರ ಬ್ಯಾಗಿನಲ್ಲಿ ಮಿನ್ಯಾಕ್ ಆಂಗಿನ್ ಇತ್ತು, ನಮ್ಮಲ್ಲಿ ಗಲ್ಫಿನವರು ತರುವ ಕೊಡಲಿ ಗುರುತಿನ ಎಣ್ಣೆಯ ಜಾತಿಯದು. ಅದನ್ನು ಪಾದಕ್ಕೆ ಹಚ್ಚಿದೆ. ಒಟ್ಟು ಹನ್ನೆರಡು ನಿಮಿಷ. ಒಂದು ಗಂಟೆಯ ರೌಂಡಿಗೆ ಹೋದಾಗ ಗೊರಕೆ.

ಇದನ್ನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಗ್ರೂಪಿನಲ್ಲಿ ಇರುವ ಡಾಕ್ಟರ್ ಅಣ್ಣ (ದೊಡ್ಡಮ್ಮನ ಮಗ, ಊರಲ್ಲಿ ಒಳ್ಳೆ ಹೆಸರು) ನಗುವ ಗೊಂಬೆ ಹಾಕಿ ಬರೆದ: "ವಿಟಮಿನ್ ಕೊಟ್ಟಿದ್ದರೆ ಹತ್ತು ಸೆಕೆಂಡ್ ಸಾಕಿತ್ತು. ನೀನು ಮಾಡಿದ್ದೂ ಪ್ಲಸೀಬೊವೇ ಮಾರಾಯ್ತಿ, ಬರೀ ತಡವಾದ ಪ್ಲಸೀಬೊ. ಪ್ಲಸೀಬೊ ಪವರ್ ಗೊತ್ತಿಲ್ವಾ ನಿನಗೆ?"

ಗೊತ್ತುಂಟು ಅಣ್ಣ. ನಿನಗಿಂತ ಹೆಚ್ಚು ಗೊತ್ತುಂಟು. ಯಾಕೆಂದರೆ ನೀವು ಚೀಟಿಯಲ್ಲಿ ಬರೆಯುತ್ತೀರಿ, ಸುಳ್ಳನ್ನು ಬಾಯಿಬಿಟ್ಟು ಹೇಳುವವರು ನಾವು.

ಪೋಸ್ಟ್ 2

ಇದನ್ನು ಇಪ್ಪತ್ತು ವರ್ಷ ಯಾರಿಗೂ ಬರೆದಿಲ್ಲ.

2004ರ ಮಳೆಗಾಲ. ಜಿ.ಎನ್.ಎಂ. ಮುಗಿಸಿ ಒಂದು ತಾಲೂಕು ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಊರು, ಹೆಸರು ಬೇಡ. ಹನ್ನೆರಡು ಬೆಡ್ಡು, ರಾತ್ರಿಗೆ ಇಬ್ಬರು ಸಿಸ್ಟರ್, ಒಬ್ಬ ಡ್ಯೂಟಿ ಡಾಕ್ಟರ್. ಸ್ಕ್ಯಾನಿಂಗ್ ಹಗಲು ಹೊತ್ತಿನಲ್ಲಿ ಮಾತ್ರ.

ರಾತ್ರಿ ಹತ್ತರ ಸುಮಾರಿಗೆ ಜೀಪಿನಲ್ಲಿ ಒಬ್ಬಳನ್ನು ತಂದರು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅಡಿಕೆ ತೋಟದ ಮನೆ, ಮದುವೆಯಾಗಿ ವರ್ಷ ಕಳೆದಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದಳು. ಗಂಡ ಮಾತಾಡಲಿಲ್ಲ. ಅತ್ತೆ ಮಾತಾಡಿದರು: ತವರಿಗೆ ಹೋಗಬೇಕು ಅಂತ ಬೆಳಿಗ್ಗೆ ಜಗಳ ಆಗಿದೆ, ಆಗಿಂದ ಹೀಗೆ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು, ಎರಡು ಪ್ರಶ್ನೆ ಕೇಳಿದರು, ಕಾರಿಡಾರಿಗೆ ಬಂದು ನನ್ನ ಹತ್ತಿರ ಹೇಳಿದರು: "ಡ್ರಾಮಾ. ಡಿಸ್ಟಿಲ್ಡ್ ವಾಟರ್ ಹಾಕು. ಪವರ್‌ಫುಲ್ ಇಂಜೆಕ್ಷನ್ ಅಂತ ಹೇಳು."

ಊರಲ್ಲಿ ಕೆಲಸ ಮಾಡಿದ ಎಷ್ಟೋ ನರ್ಸುಗಳಿಗೆ ಈ ಆರ್ಡರ್ ಹೊಸತಲ್ಲ. ಚಾರ್ಟಿನಲ್ಲಿ ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಶುದ್ಧ ನೀರನ್ನು ಸ್ನಾಯುವಿಗೆ ಚುಚ್ಚಿದರೆ ಒಳ್ಳೆ ಉರಿ ಬರುತ್ತದೆ. ಉರಿ ಬಂದರೆ ಮದ್ದು ಜೋರಿದೆ ಎಂದು ರೋಗಿಗೆ ಅನಿಸುತ್ತದೆ. ನಾಟಕ ಮಾಡುವವಳಿಗೆ ಒಂದು ಪಾಠವೂ ಆಯಿತು, ಬಿಲ್ಲೂ ಆಯಿತು.

ನಾನು ಹಾಕಿದೆ. ಅವಳ ಕೈ ಹಿಡಿದು, "ಇದು ತುಂಬ ಸ್ಟ್ರಾಂಗ್ ಮದ್ದು, ಹತ್ತು ನಿಮಿಷದಲ್ಲಿ ನೋವು ಹೋಗ್ತದೆ ಅಕ್ಕ" ಎಂದೆ. ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ. ಕಾಲು ಗಂಟೆಯಲ್ಲಿ ಕೂಗು ನಿಂತಿತು. ಅತ್ತೆ ನನ್ನನ್ನು ನೋಡಿ ತುಟಿ ಓರೆ ಮಾಡಿದರು, ನೋಡಿದಿರಲ್ಲ ಎಂಬಂತೆ. ಡಾಕ್ಟರಿಗೂ ಸಮಾಧಾನ: ನೀರಿಗೆ ಹೋಗುವ ನೋವು ನಿಜವಾದ ನೋವಲ್ಲ ಎಂದು ಸಾಬೀತಾಯಿತಲ್ಲ. ಅವರು ಮಲಗಲು ಹೋದರು.

ಬೆಳಗಿನ ಜಾವ ನಾಲ್ಕಕ್ಕೆ ನೋಡುವಾಗ ಮುಖ ಸುಣ್ಣದ ಹಾಗೆ. ಮೈಯೆಲ್ಲ ತಣ್ಣಗಿನ ಬೆವರು, ನಾಡಿ ನೂರಮೂವತ್ತು, ಬಿ.ಪಿ. ಮೇಲಿನದ್ದು ಎಪ್ಪತ್ತು. ಭುಜ ನೋಯುತ್ತದೆ ಎಂದಳು. ಹೊಟ್ಟೆಯ ರೋಗಿ ಭುಜ ನೋವು ಎಂದರೆ ಒಳಗೆ ರಕ್ತ ಸೋರಿ ವಪೆಯನ್ನು ಕೆರಳಿಸುತ್ತಿದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಓಮ್ನಿಯಲ್ಲಿ ಮಲಗಿಸಿ ಮಂಗಳೂರಿಗೆ ಓಡಿದೆವು, ಬಾಟ್ಲಿ ಹಿಡಿದುಕೊಂಡು ನಾನೇ ಹೋದೆ. ಗರ್ಭ ಟ್ಯೂಬಿನಲ್ಲಿ ಕಟ್ಟಿ, ಟ್ಯೂಬ್ ಒಡೆದಿತ್ತು. ಮುಟ್ಟು ನಿಂತು ಏಳು ವಾರ ಆಗಿತ್ತು. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೂತ್ರದ ಕಡ್ಡಿ ಪರೀಕ್ಷೆ ಒಂದು ಮಾಡಿದ್ದರೆ ಸಾಕಿತ್ತು, ಕಡ್ಡಿ ನಮ್ಮ ಕಪಾಟಿನಲ್ಲೇ ಇತ್ತು.

ಬದುಕಿದಳು. ಎರಡು ತಿಂಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನಾನು ತಲೆ ತಗ್ಗಿಸಿ ದಾಟಿ ಹೋಗಬೇಕೆಂದಿದ್ದೆ, ಅವಳೇ ಕರೆದಳು. "ಸಿಸ್ಟರ್, ಆವತ್ತು ನೀವು ಕೊಟ್ಟ ಇಂಜೆಕ್ಷನ್‌ನಿಂದ ಸ್ವಲ್ಪ ಹೊತ್ತಾದರೂ ಜೀವಕ್ಕೆ ಹಿತ ಆಯ್ತು. ನಿಮ್ಮ ಕೈಗುಣ ಒಳ್ಳೇದು" ಎಂದಳು.

ಅವಳು ಬೈದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೋ ಏನೋ.

ಆ ಡಾಕ್ಟರ್ ಕೆಟ್ಟವರಲ್ಲ, ಬಡವರ ಹತ್ತಿರ ಹಣ ಕೇಳದವರು. ಅವರು ಕಲಿತದ್ದು ಹಾಗೆ, ಅವರ ಸೀನಿಯರುಗಳು ಕಲಿಸಿದ್ದು ಹಾಗೆ. ಆದರೆ ಅವರು ಕಲಿತದ್ದು ತಪ್ಪು ಎಂಬುದು ಆ ಹೊತ್ತಿಗೆ ಹಳೆಯ ಸುದ್ದಿ. 1978ರಲ್ಲೇ ಕ್ಯಾಲಿಫೋರ್ನಿಯಾದ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆ ಹಲ್ಲು ಕೀಳಿಸಿಕೊಂಡವರ ಮೇಲೆ ಪರೀಕ್ಷೆ ಮಾಡಿದ್ದರು. ಹುಸಿ ಇಂಜೆಕ್ಷನ್ ಕೊಟ್ಟಾಗ ಕೆಲವರಿಗೆ ನೋವು ಇಳಿಯಿತು. ಅವರಿಗೆ ನ್ಯಾಲೊಕ್ಸೋನ್ ಕೊಟ್ಟರು, ಅಂದರೆ ಮಾರ್ಫಿನ್ನಿನ ಕೆಲಸವನ್ನು ತಡೆಯುವ ಮದ್ದು. ನೋವು ವಾಪಸ್ ಬಂತು. ಅರ್ಥ ಏನು? ನೀರು ಚುಚ್ಚಿಸಿಕೊಂಡವರ ಮಿದುಳು ತಾನೇ ಮಾರ್ಫಿನ್ನಿನಂಥ ರಸ ಸುರಿಸಿ ನೋವನ್ನು ಇಳಿಸಿತ್ತು. ನೋವೂ ನಿಜ, ಇಳಿದದ್ದೂ ನಿಜ. ನೀರಿಗೆ ಇಳಿಯಿತು ಎಂಬುದರಿಂದ ನೋವು ನಾಟಕ ಎಂದು ಹೇಳಲು ಬರುವುದೇ ಇಲ್ಲ.

ಇನ್ನೊಂದು ಮಾತೂ ಹೇಳಬೇಕು. ಟ್ಯೂಬ್ ಒಡೆದ ಹೊತ್ತಿಗೆ ನೋವು ಸ್ವಲ್ಪ ಕಾಲ ತಾನಾಗಿ ತಗ್ಗುವುದೂ ಉಂಟು. ಹಾಗಾಗಿ ಅವಳಿಗೆ ಹಿತವಾದದ್ದು ನನ್ನ ಮಾತಿನಿಂದಲೋ, ನನ್ನ ನೀರಿನಿಂದಲೋ, ಸಾವು ಹತ್ತಿರ ಬಂದದ್ದರಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೀರಿನ ಇಂಜೆಕ್ಷನ್ ಹಾಕಿ ಗೆದ್ದೆವು ಎನ್ನುವ ಯಾರಿಗೂ ಗೊತ್ತಿರುವುದಿಲ್ಲ.

ಪೋಸ್ಟ್ 3

ನಿನ್ನೆಯ ಪೋಸ್ಟಿಗೆ ತುಂಬ ಜನ ಬರೆದಿದ್ದೀರಿ. ಹತ್ತಿಪ್ಪತ್ತು ನರ್ಸುಗಳು ಇನ್‌ಬಾಕ್ಸಿಗೆ ಬಂದಿದ್ದಾರೆ, ಎಲ್ಲರ ಕಥೆಯಲ್ಲೂ ಆ ನೀರಿನ ಇಂಜೆಕ್ಷನ್ ಉಂಟು. ಕೆಲವರು ಕೇಳಿದ್ದಾರೆ: ಅದು ರೋಗ ಪತ್ತೆ ಮಾಡದ ತಪ್ಪು, ಪ್ಲಸೀಬೊದ ತಪ್ಪು ಹೇಗೆ? ಡಾಕ್ಟರ್ ಅಣ್ಣನೂ ಅದೇ ಬರೆದ. ಜೊತೆಗೆ ಒಬ್ಬರು ಡಾ. ಬಿ. ಎಂ. ಹೆಗ್ಡೆಯವರ ವಿಡಿಯೋ ಹಾಕಿದ್ದಾರೆ.

ಹೆಗ್ಡೆಯವರ ಭಾಷಣ ಕೇಳದೆ ಕರಾವಳಿಯಲ್ಲಿ ಬೆಳೆಯುವುದು ಕಷ್ಟ. ರೋಗಿಗೆ ಡಾಕ್ಟರ ಮೇಲೆ ಇರುವ ನಂಬಿಕೆ ದೊಡ್ಡ ಮದ್ದು ಎಂಬರ್ಥದ ಮಾತನ್ನು ಅವರು ವರ್ಷಗಟ್ಟಲೆ ಹೇಳಿದ್ದಾರೆ. ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಆ ಮಾತನ್ನು ತುಂಡು ಮಾಡಿ ಹಂಚುವವರ ಮೇಲೆ. 'ನಂಬಿಕೆ ದೊಡ್ಡ ಮದ್ದು' ಎಂಬಲ್ಲಿಂದ ಶುರುವಾದದ್ದು ಮೂರನೇ ಫಾರ್ವರ್ಡಿಗೆ 'ನಂಬಿಕೆಯೊಂದೇ ಮದ್ದು' ಆಗಿರುತ್ತದೆ, ನಾಲ್ಕನೆಯದಕ್ಕೆ ಯಾರದೋ ಪುಡಿಯ ಜಾಹೀರಾತು ಅಂಟಿಕೊಂಡಿರುತ್ತದೆ.

ನಂಬಿಕೆಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ? ಇದಕ್ಕೆ ಉತ್ತರ ಅಂದಾಜಿನಲ್ಲಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಅಸ್ತಮಾದವರ ಮೇಲೆ ಒಂದು ಪರೀಕ್ಷೆ ಆಯಿತು, 2011ರಲ್ಲಿ ಪ್ರಕಟವಾಯಿತು. ಸಣ್ಣ ಪರೀಕ್ಷೆ, ಕೊನೆವರೆಗೆ ಉಳಿದವರು 39 ಜನ. ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನ ನಿಜವಾದ ಇನ್‌ಹೇಲರ್, ಮದ್ದಿಲ್ಲದ ಇನ್‌ಹೇಲರ್, ಹುಸಿ ಆಕ್ಯುಪಂಕ್ಚರ್, ಮತ್ತೆ ಏನೂ ಇಲ್ಲದೆ ಕೂರಿಸುವುದು. ಆಮೇಲೆ ಕೇಳಿದರು, ಎಷ್ಟು ಸುಧಾರಿಸಿದೆ? ನಿಜವಾದ ಇನ್‌ಹೇಲರಿಗೆ ಶೇ. 50 ಎಂದರು, ಖಾಲಿ ಇನ್‌ಹೇಲರಿಗೆ 45, ಹುಸಿ ಸೂಜಿಗೆ 46, ಸುಮ್ಮನೆ ಕೂತದ್ದಕ್ಕೆ 21. ನೋಡಿ, ಹುಸಿಗೂ ಅಸಲಿಗೂ ವ್ಯತ್ಯಾಸವೇ ಇಲ್ಲ! ಆದರೆ ಯಂತ್ರಕ್ಕೆ ಊದಿಸಿ ಅಳೆದಾಗ ಶ್ವಾಸಕೋಶದ ಗಾಳಿ ಹೆಚ್ಚಿದ್ದು ನಿಜವಾದ ಇನ್‌ಹೇಲರಿಗೆ ಶೇ. 20. ಉಳಿದ ಮೂರಕ್ಕೂ ಏಳರ ಆಸುಪಾಸು, ಸುಮ್ಮನೆ ಕೂತದ್ದಕ್ಕೂ ಅಷ್ಟೇ.

ಈ ಎರಡು ಸಾಲು ಅಂಕಿಯನ್ನು ಒಟ್ಟಿಗೆ ಓದಿ. ರೋಗಿಗೆ ಹಾಯೆನಿಸುತ್ತಿದೆ. ಉಸಿರಿನ ನಾಳ ಮಾತ್ರ ಮುಚ್ಚಿಯೇ ಇದೆ. ಅಸ್ತಮಾದಲ್ಲಿ ಸಾಯುವುದು ನಾಳ ಮುಚ್ಚಿ, ಹಾಯೆನಿಸದೆ ಅಲ್ಲ. ನಮ್ಮ ಬೀದರ್, ಕಲಬುರಗಿ ಕಡೆಯ ಜನ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ, ಬತ್ತಿನಿ ಕುಟುಂಬದವರು ಕೊಡುವ ಹಳದಿ ಮುದ್ದೆ ತುಂಬಿದ ಜೀವಂತ ಮೀನು ನುಂಗಿ ಬರುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ, ಮೋಸ ಮಾಡುವ ಉದ್ದೇಶವೂ ಇಲ್ಲದಿರಬಹುದು. ನುಂಗಿದವರು ಹಾಯೆನಿಸಿತು ಎಂದರೆ ಅವರೂ ಸುಳ್ಳು ಹೇಳುತ್ತಿಲ್ಲ. ನನ್ನ ಹೆದರಿಕೆ ಮನೆಗೆ ಬಂದು ಇನ್‌ಹೇಲರನ್ನು ಕಪಾಟಿನ ಮೇಲಿಡುವ ಮಗುವಿನ ಬಗ್ಗೆ.

ಪ್ಲಸೀಬೊ ನೋವಿಗೆ, ವಾಕರಿಕೆಗೆ, ಆತಂಕಕ್ಕೆ, ನಿದ್ದೆಗೆ ಆಗುತ್ತದೆ. ರೋಗಿಗೆ 'ಅನಿಸುವ' ಸಂಗತಿಗಳಿಗೆ ಆಗುತ್ತದೆ. ಗಡ್ಡೆ ಕರಗುವುದಿಲ್ಲ, ಸೋಂಕು ಹೋಗುವುದಿಲ್ಲ, ಒಡೆದ ಟ್ಯೂಬ್ ಹೊಲಿಯುವುದಿಲ್ಲ. ಅನಿಸುವುದು ಸಣ್ಣ ಸಂಗತಿ ಎಂದು ನಾನು ಹೇಳುತ್ತಿಲ್ಲ, ಅನಿಸುವುದರಲ್ಲೇ ಮನುಷ್ಯ ಬದುಕುವುದು. ಆದರೆ ನೋವು ದೇಹದ ಕಾವಲುನಾಯಿಯೂ ಹೌದು. ಸುಳ್ಳು ಹೇಳಿ ಅದನ್ನು ಮಲಗಿಸಿದ ಮೇಲೆ ಕಳ್ಳ ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಅಣ್ಣನ ಪ್ರಶ್ನೆಗೆ ಇದೇ ಉತ್ತರ. ನಿಜ ಹೇಳಿ ಸಮಾಧಾನ ಮಾಡಿದ ಡಾಕ್ಟರ್ ಹುಡುಕುವುದನ್ನು ಮುಂದುವರಿಸುತ್ತಾನೆ. ಸುಳ್ಳು ಹೇಳಿ ಸಮಾಧಾನ ಮಾಡಿದವ ತನ್ನ ಸುಳ್ಳನ್ನು ತಾನೇ ನಂಬಿ ಮಲಗಲು ಹೋಗುತ್ತಾನೆ.

ಇನ್ನು ಕಾಮಾಲೆ. ನಮ್ಮ ಕಡೆ ಕಾಮಾಲೆಗೆ ಎಲೆಯ ರಸ ಮೂಗಿಗೆ ಬಿಡುವವರು, ಕೈಗೆ ಬರೆ ಹಾಕುವವರು ಇದ್ದಾರೆ, ವಾಸಿಯಾದವರ ದೊಡ್ಡ ಪಟ್ಟಿಯೂ ಉಂಟು. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಬರೆ ಹಾಕಿದರೂ ಹಾಕದಿದ್ದರೂ. ಇದು ಪ್ಲಸೀಬೊ ಕೂಡ ಅಲ್ಲ, ಕ್ಯಾಲೆಂಡರ್. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ಸಂಬಂಧ. ಪ್ಲಸೀಬೊದ ಮಹಿಮೆ ಎಂದು ಹಾಡುವ ಎಷ್ಟೋ ಕಥೆಗಳಲ್ಲಿ ಮುಕ್ಕಾಲು ಪಾಲು ಇದೇ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು, ಪ್ಲಸೀಬೊ ಕೊಟ್ಟವರನ್ನು ಏನೂ ಕೊಡದವರ ಪಕ್ಕದಲ್ಲಿಟ್ಟು ನೋಡಿದ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟು ಸೇರಿಸಿದರು. ನೋವಿನಂಥ ಕೆಲವು ಕಡೆ ಸ್ವಲ್ಪ ಗುಣ ಕಂಡಿತು, ಉಳಿದ ಕಡೆ ಹೆಚ್ಚೇನಿಲ್ಲ. ಆ ಮೊದಲು ಎಲ್ಲರ ಬಾಯಲ್ಲಿದ್ದದ್ದು ಮೂರರಲ್ಲಿ ಒಬ್ಬರಿಗೆ ಪ್ಲಸೀಬೊದಿಂದಲೇ ಗುಣ ಎಂಬ ಲೆಕ್ಕ. ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ಡಾಕ್ಟರ್ 1955ರಲ್ಲಿ ಬರೆದದ್ದು ಅದು. ಅವರೂ ಕ್ಯಾಲೆಂಡರಿನ ಪಾಲನ್ನು ಬೇರೆ ಮಾಡಿರಲಿಲ್ಲ.

ಬೀಚರ್ ಬಗ್ಗೆ ಒಂದು ಕಥೆ ಎಲ್ಲ ಕಡೆ ಹೇಳುತ್ತಾರೆ. ಎರಡನೇ ಮಹಾಯುದ್ಧ, ಇಟಲಿ, ಮಾರ್ಫಿನ್ ಮುಗಿದಿದೆ, ಒಬ್ಬಳು ನರ್ಸ್ ಉಪ್ಪುನೀರು ಚುಚ್ಚಿ ಮಾರ್ಫಿನ್ ಎಂದಳು, ಸೈನಿಕ ಶಾಂತನಾದ. ನಡೆದದ್ದೋ ಕಟ್ಟಿದ್ದೋ. ನನಗೆ ಕಂಡದ್ದು ಬೇರೆ: ಕಥೆಯಲ್ಲಿ ಡಾಕ್ಟರಿಗೆ ಹೆಸರುಂಟು, ನರ್ಸಿಗೆ ಇಲ್ಲ. ಸೂಜಿ ಅವಳದ್ದು, ಸುಳ್ಳು ಅವಳದ್ದು, ಸೈನಿಕನ ಕೈ ಹಿಡಿದದ್ದೂ ಅವಳೇ ಇರಬೇಕು. ಸಂಶೋಧನೆ ಮಾತ್ರ ಅವರದ್ದು. ಅದೇ ಬೀಚರ್ 1966ರಲ್ಲಿ, ರೋಗಿಗಳಿಗೆ ತಿಳಿಸದೆ ಅವರ ಮೇಲೆ ಪ್ರಯೋಗ ಮಾಡಿದ 22 ಉದಾಹರಣೆಗಳನ್ನು ಬಯಲಿಗಿಟ್ಟು ಡಾಕ್ಟರುಗಳ ಸಿಟ್ಟಿಗೆ ಗುರಿಯಾದರು ಎಂಬುದನ್ನು ಪ್ಲಸೀಬೊ ಭಕ್ತರು ಯಾಕೋ ಫಾರ್ವರ್ಡ್ ಮಾಡುವುದಿಲ್ಲ.

ಗ್ಲೂಕೋಸ್ ಬಾಟ್ಲಿಯನ್ನು ಮರೆಯುವುದಕ್ಕುಂಟಾ? ಸುಸ್ತು ಎಂದು ಹೋದರೆ ಬಾಟ್ಲಿ ಏರಿಸುತ್ತಾರೆ, ಏರಿಸದಿದ್ದರೆ ಆ ಡಾಕ್ಟರ್ ಸುಖ ಇಲ್ಲ ಎನ್ನುತ್ತಾರೆ. 500 ಎಂ.ಎಲ್. ಐದು ಪರ್ಸೆಂಟ್ ಡೆಕ್ಸ್‌ಟ್ರೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ಬಾಯಲ್ಲಿ ಕುಡಿಯಬಲ್ಲವನಿಗೆ ಒಂದು ಗ್ಲಾಸು ಬೆಲ್ಲದ ಪಾನಕ. ಊರಿನವರನ್ನು ನೋಡಿ ನಗಬೇಡಿ, ಇಲ್ಲಿನ ಬ್ಯೂಟಿ ಕ್ಲಿನಿಕ್ಕುಗಳಲ್ಲಿ ಓದಿದವರೇ ದುಡ್ಡು ಕೊಟ್ಟು ವಿಟಮಿನ್ ಸಿ ಡ್ರಿಪ್ ಏರಿಸಿಕೊಂಡು ಸೆಲ್ಫಿ ತೆಗೆಯುತ್ತಾರೆ. ಮಲಯ್ ಭಾಷೆಯಲ್ಲಿ ಇಂಜೆಕ್ಷನ್ ಕೊಡುವುದಕ್ಕೆ ಚುಚುಕ್ ಎನ್ನುತ್ತಾರೆ. ಮೊದಲ ದಿನ ವಾರ್ಡಿನಲ್ಲಿ ಅದು ಕಿವಿಗೆ ಬಿದ್ದಾಗ ನಮ್ಮ ಚುಚ್ಚು ಇಲ್ಲಿಗೆ ಹೇಗೆ ಬಂತಪ್ಪಾ ಎಂದು ತಿರುಗಿ ನೋಡಿದ್ದೆ. ಚುಚ್ಚಿದರೇ ಮದ್ದು ಎಂಬ ನಂಬಿಕೆಯಂತೂ ಎರಡೂ ಕಡೆ ಒಂದೇ.

ಒಂದು ಸೂಜಿ ಅಂದರೆ ಸೋಂಕಿಗೆ ಒಂದು ಬಾಗಿಲು. 'ಏನೂ ಅಡ್ಡಪರಿಣಾಮ ಇಲ್ಲದ' ನೀರಿನ ಇಂಜೆಕ್ಷನ್ನಿಗೂ ಆ ಬಾಗಿಲು ಉಂಟು. ನೆಗಡಿಗೆ ಸಮಾಧಾನಕ್ಕೆಂದು ಬರೆಯುವ ಆಂಟಿಬಯಾಟಿಕ್ಕಿನ ಕಥೆ ಹೇಳಿದರೆ ಇನ್ನೊಂದು ಪೋಸ್ಟ್ ಬೇಕು.

ಪೋಸ್ಟ್ 4

ಕೊನೆಯ ಕಂತು. ಇವತ್ತು ಆಫ್.

ನಮ್ಮ ಭಾಷೆಯಲ್ಲಿ ಪ್ಲಸೀಬೊಗೆ ಹತ್ತಿರದ ಒಂದು ಒಳ್ಳೆಯ ಮಾತುಂಟು, ಕೈಗುಣ. ಲ್ಯಾಟಿನ್ನಿನ ಪ್ಲಸೀಬೊ ಅಂದರೆ 'ಮೆಚ್ಚಿಸುತ್ತೇನೆ' ಎಂದರ್ಥ; ಅದರಲ್ಲಿ ಕೊಡುವವನ ಜಾಣತನ ಕಾಣುತ್ತದೆ. ಕೈಗುಣ ಎಂದಾಗ ಮದ್ದೂ ಮುಖ್ಯವಲ್ಲ, ಜಾಣತನವೂ ಮುಖ್ಯವಲ್ಲ. ಕೈ ಮುಖ್ಯ. ಆ ಕೈಯಲ್ಲಿ ಸುಳ್ಳು ಇರಲೇಬೇಕು ಎಂದು ನಮ್ಮ ಹಿರಿಯರು ಎಲ್ಲೂ ಹೇಳಲಿಲ್ಲ.

ಸುಳ್ಳು ಬೇಕಾಗಿಯೂ ಇಲ್ಲ. ಹಾರ್ವರ್ಡಿನ ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು 2010ರಲ್ಲಿ ಹೊಟ್ಟೆ ಕೆಡುವ ಐ.ಬಿ.ಎಸ್. ಕಾಯಿಲೆಯ 80 ಜನರನ್ನು ತೆಗೆದುಕೊಂಡರು. ಅರ್ಧ ಜನರಿಗೆ ಮಾತ್ರೆ ಕೊಟ್ಟು, ಇದರಲ್ಲಿ ಮದ್ದಿಲ್ಲ, ಇದು ಪ್ಲಸೀಬೊ, ಆದರೂ ದೇಹ ಸ್ಪಂದಿಸಬಹುದು ಎಂದು ಮುಖಕ್ಕೆ ಮುಖ ಕೊಟ್ಟು ವಿವರಿಸಿದರು. ಉಳಿದವರಿಗೆ ಮಾತ್ರೆ ಇಲ್ಲ, ಅಷ್ಟೇ ಹೊತ್ತಿನ ಮಾತುಕತೆ. ಮೂರು ವಾರದಲ್ಲಿ ಸಾಕಷ್ಟು ಗುಣ ಕಂಡವರು ಮಾತ್ರೆಯವರಲ್ಲಿ ಶೇ. 59, ಇಲ್ಲದವರಲ್ಲಿ 35. ಮೂರೇ ವಾರ, ಎಂಬತ್ತೇ ಜನ, ಇದರ ಮೇಲೆ ಮನೆ ಕಟ್ಟಬೇಡಿ. ಆದರೆ ಸುಳ್ಳು ಹೇಳದಿದ್ದರೆ ಕೆಲಸವೇ ಆಗುವುದಿಲ್ಲ ಎಂಬ ಅಣ್ಣನ ವಾದದ ಅಡಿಗಲ್ಲು ಅಲ್ಲಿಗೆ ಅಲುಗಾಡಿತು. ಅಮೆರಿಕದ ವೈದ್ಯರ ಸಂಘವೇ 2006ರಲ್ಲಿ ರೋಗಿಗೆ ತಿಳಿಸದೆ ಪ್ಲಸೀಬೊ ಕೊಡಬಾರದು ಎಂದಿತು. ನಮ್ಮ ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿಯ ಒಪ್ಪಿಗೆ ಎಂದರೆ ತಿಳಿದು ಕೊಟ್ಟ ಒಪ್ಪಿಗೆ ಎಂದು ಹೇಳಿದೆ. 'ಪವರ್‌ಫುಲ್ ಇಂಜೆಕ್ಷನ್' ಎಂದು ನಾನು ಹೇಳಿದ್ದಕ್ಕೆ ಆ ಹುಡುಗಿ ತೋಳು ಚಾಚಿದ್ದು ಯಾವ ಲೆಕ್ಕದ ಒಪ್ಪಿಗೆ?

ಇದಕ್ಕಿಂತ ನನಗೆ ಇಷ್ಟದ ಪರೀಕ್ಷೆ ಇಟಲಿಯ ಟೂರಿನ್ ಊರಿನದು. ಬೆನೆಡೆಟ್ಟಿ ಎಂಬವರ ತಂಡ. ಆಪರೇಷನ್ ಆದವರಿಗೆ ನಿಜವಾದ ನೋವಿನ ಮದ್ದನ್ನೇ ಎರಡು ರೀತಿ ಕೊಟ್ಟರು: ಒಮ್ಮೆ ರೋಗಿಯ ಕಣ್ಣೆದುರು ಹೇಳಿ ಚುಚ್ಚಿ, ಒಮ್ಮೆ ರೋಗಿಗೆ ತಿಳಿಯದಂತೆ ಯಂತ್ರದಿಂದ. ಮದ್ದು ಅದೇ, ಪ್ರಮಾಣ ಅದೇ. ಯಂತ್ರ ಕದ್ದು ಕೊಟ್ಟಾಗ ನೋವು ಇಳಿದದ್ದು ಕಡಿಮೆ. ಅಂದರೆ ಅಸಲಿ ಮದ್ದಿನಲ್ಲೂ ಒಂದು ಪಾಲು ಕೊಡುವವರ ಬಾಯಲ್ಲಿ, ಕಣ್ಣಲ್ಲಿ ಉಂಟು. ಆಂಟಿಯ ಪ್ಯಾನಡಾಲನ್ನು ಕಪ್ಪಿನಲ್ಲಿಟ್ಟು ಹೋಗುವುದಕ್ಕೂ ಕೂತು ಹೇಳಿ ಕೊಡುವುದಕ್ಕೂ ಇರುವ ವ್ಯತ್ಯಾಸ ಅದು. ಅದನ್ನು 'ತಡವಾದ ಪ್ಲಸೀಬೊ' ಎಂದು ಅಣ್ಣ ನಗಾಡಿದ. ನಾವು ಅದಕ್ಕೆ ನರ್ಸಿಂಗ್ ಎನ್ನುತ್ತೇವೆ.

ಮಂಗಳೂರಿನ ಕಂಕನಾಡಿಗೆ ಬನ್ನಿ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದರು. ಆಲದ ಮರದ ಅಡಿಯಲ್ಲಿ ಶುರುವಾಯಿತು ಎಂದು ಅಲ್ಲಿಯವರು ಈಗಲೂ ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ, 1902ರಲ್ಲಿ ಪ್ಲೇಗಿನವರಿಗೆ ಆಸ್ಪತ್ರೆ. ಫಾದರ್ ಮುಲ್ಲರ್ ಹೆಸರಲ್ಲಿ ಇವತ್ತು ಅಲೋಪತಿ ಕಾಲೇಜೂ ಉಂಟು, ಹೋಮಿಯೋಪತಿ ಕಾಲೇಜೂ ಉಂಟು, ನರ್ಸಿಂಗ್ ಕಲಿಸುವುದೂ ಉಂಟು. ಸಕ್ಕರೆ ಗುಳಿಗೆಯಲ್ಲಿ ಏನೂ ಇಲ್ಲದಿದ್ದರೆ ಇಷ್ಟು ದೊಡ್ಡ ಸಂಸ್ಥೆ ಬೆಳೆಯಿತು ಹೇಗೆ ಎಂದು ಒಬ್ಬರು ಕಮೆಂಟಿನಲ್ಲಿ ಕೇಳಿದ್ದಾರೆ.

ಒಳ್ಳೆಯ ಪ್ರಶ್ನೆ. ಉತ್ತರ ಪ್ರಶ್ನೆಯಲ್ಲೇ ಇದೆ. ಕುಷ್ಠಕ್ಕೆ ಕೆಲಸ ಮಾಡುವ ಮದ್ದು ಬಂದದ್ದು 1940ರ ದಶಕದಲ್ಲಿ. ಅದಕ್ಕೆ ಐವತ್ತು ವರ್ಷ ಮೊದಲು, ಮನೆಯವರೇ ಹೊರಗೆ ಹಾಕಿದ ರೋಗಿಗೆ ಮಂಚ ಕೊಟ್ಟು, ಗಾಯ ತೊಳೆದು, ಅನ್ನ ಹಾಕಿದವರ ಕೈಯಲ್ಲಿ ಗುಣವಿತ್ತು. ಗುಳಿಗೆಗೆ ಆ ಕೀರ್ತಿ ಯಾಕೆ ಕೊಡುತ್ತೀರಿ? 30ನೇ ಶಕ್ತಿಯ ಗುಳಿಗೆ ಎಂದರೆ ಮೂಲ ಮದ್ದನ್ನು ನೂರರಲ್ಲಿ ಒಂದರಂತೆ ಮೂವತ್ತು ಸಲ ತೆಳು ಮಾಡಿದ್ದು. ಹನ್ನೆರಡನೇ ಸಲ ದಾಟುವಾಗಲೇ ಮೂಲದ ಒಂದು ಅಣು ಉಳಿದಿರುವುದೂ ಅನುಮಾನ. ಆ ಕಾಲದ ರಕ್ತ ತೆಗೆಯುವ, ಪಾದರಸ ಕುಡಿಸುವ ಡಾಕ್ಟರುಗಳಿಗಿಂತ ಏನೂ ಇಲ್ಲದ ಗುಳಿಗೆ ಮೇಲಾಗಿತ್ತು, ಅದನ್ನು ಒಪ್ಪುತ್ತೇನೆ. ಮುಲ್ಲರರ ದೊಡ್ಡತನವನ್ನೂ ಒಪ್ಪುತ್ತೇನೆ. ಆದರೆ 2020ರ ಜನವರಿ ಕೊನೆಗೆ ಆಯುಷ್ ಸಚಿವಾಲಯ ಕೊರೋನಾ ತಡೆಗೆ ಆರ್ಸೆನಿಕಂ ಆಲ್ಬಂ 30 ತೆಗೆದುಕೊಳ್ಳಬಹುದು ಎಂದು ಹೇಳಿದ್ದಕ್ಕೆ ಆ ದೊಡ್ಡತನದ ನೆರಳು ಸಿಗುವುದಿಲ್ಲ. ಆಸರೆಯೂ ಇಲ್ಲ, ಮಂಚವೂ ಇಲ್ಲ, ಬರೀ ಗುಳಿಗೆ. ನಮ್ಮ ಮನೆಗೂ ಒಂದು ಪೊಟ್ಟಣ ಬಂದಿತ್ತು. ಅಪ್ಪ ನುಂಗಿ, "ಇನ್ನು ಹೆದರಿಕೆ ಇಲ್ಲ" ಎಂದು ಪೇಟೆಗೆ ಹೊರಟಿದ್ದರು. ಇಲ್ಲಿಂದ ಫೋನಿನಲ್ಲಿ ಕೂಗಾಡಿ ನಿಲ್ಲಿಸಿದೆ.

ನನ್ನ ವಾದಕ್ಕೂ ತೂತುಗಳಿವೆ. ಮರೆವಿನ ಕಾಯಿಲೆಯವರು ರಾತ್ರಿ ಹತ್ತು ಸಲ ತೀರಿಹೋದ ಗಂಡನನ್ನು ಕೇಳುವಾಗ ನಾನು ಹತ್ತು ಸಲ ಸತ್ತ ಸುದ್ದಿ ಹೇಳುವುದಿಲ್ಲ, "ಅವರ ಬಗ್ಗೆ ಹೇಳಿ ಆಂಟಿ" ಎಂದು ಮಾತು ತಿರುಗಿಸುತ್ತೇನೆ. ಅದು ಪೂರ್ತಿ ಸತ್ಯವಂತಿಕೆಯೇನಲ್ಲ. ಇನ್ನೊಂದು ಕಷ್ಟ, ಸತ್ಯವೇ ಕೆಲವೊಮ್ಮೆ ಕೆಡುಕು ಮಾಡುವುದು. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ ಮೈಗೆ ಆಗುವುದಿಲ್ಲ ಎಂದು ಬಿಟ್ಟಿದ್ದ 60 ಜನರ ಮೇಲೆ ಇಂಗ್ಲೆಂಡಿನಲ್ಲಿ ಮಾಡಿದ ಪರೀಕ್ಷೆ 2020ರಲ್ಲಿ ಬಂತು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಬಂದ ತೊಂದರೆಯ ಶೇ. 90ರಷ್ಟು ಖಾಲಿ ಮಾತ್ರೆಯ ತಿಂಗಳುಗಳಲ್ಲೂ ಬಂದಿತ್ತು. ಅಡ್ಡಪರಿಣಾಮದ ಪಟ್ಟಿ ಓದಿ ಹೇಳಿದ್ದೇ ಅಡ್ಡಪರಿಣಾಮ ತರಿಸಬಹುದು. ಹಾಗೆಂದು ಮುಚ್ಚಿಡುವುದಕ್ಕಾಗುವುದಿಲ್ಲ. ನಾನು ಮಾಡುವುದು ಇಷ್ಟೇ: "ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮೈಕೈ ನೋವು ಬರ್ತದೆ, ಬಂದರೆ ನನಗೆ ಹೇಳಿ" ಎನ್ನುತ್ತೇನೆ. ಮೂರೂ ನಿಜ. ಯಾವುದನ್ನು ಮೊದಲು ಹೇಳಬೇಕು ಎಂಬುದು ಅನುಭವದಿಂದ ಬರುತ್ತದೆ.

ಅಣ್ಣ, ಜಗಳದ ಬುಡ ಇಲ್ಲಿದೆ. ಹತ್ತು ಸೆಕೆಂಡಿನ ವಿಟಮಿನ್ ಯಾಕೆ ಆಕರ್ಷಕ? ನನ್ನ ಹನ್ನೆರಡು ನಿಮಿಷಕ್ಕೆ ಯಾವ ಆಸ್ಪತ್ರೆಯೂ ಬಿಲ್ ಮಾಡುವುದಿಲ್ಲ. ಎಂಟು ಪೇಶೆಂಟಿಗೆ ಹನ್ನೆರಡು ನಿಮಿಷದಂತೆ ಕೂತರೆ ಒಂದೂವರೆ ಗಂಟೆಗೂ ಮೇಲಾಗುತ್ತದೆ. ಊರಿನ ವಾರ್ಡುಗಳಲ್ಲಿ ಒಬ್ಬಳಿಗೆ ಇಪ್ಪತ್ತು, ಮೂವತ್ತು ಜನ. ಅಲ್ಲಿ ಸುಳ್ಳು ಎಂಬುದು ಸಮಯ ಉಳಿಸುವ ಸಾಧನ. ಪ್ಲಸೀಬೊದ ಪವರ್ ಬಗ್ಗೆ ಭಾಷಣ ಮಾಡುವ ಡಾಕ್ಟರುಗಳು, ಮಾಲಕರು, ಮಂತ್ರಿಗಳು ಆ ಪವರನ್ನು ನಿಜವಾಗಿ ನಂಬುವುದಾದರೆ ಇನ್ನೊಬ್ಬಳು ನರ್ಸನ್ನು ಇಟ್ಟುಕೊಳ್ಳಲಿ. ಬಾಯಿಮಾತಿನ ಆರ್ಡರನ್ನು ಚಾರ್ಟಿನಲ್ಲಿ ಬರೆಯಲಿ: 'ಡಿಸ್ಟಿಲ್ಡ್ ವಾಟರ್, ರೋಗಿಗೆ ಮದ್ದು ಎಂದು ಹೇಳಲಾಗಿದೆ'. ಕೆಳಗೆ ಸಹಿ ಹಾಕಲಿ. ಬರೆಯಲು ಕೈ ಬರದಿದ್ದರೆ ಹಾಕಿಸಲೂ ಬೇಡಿ.

ಊರಿನಲ್ಲಿ ಈಗ ಕೆಲಸಕ್ಕೆ ಸೇರಿದ ತಂಗಿಯರು ಕೇಳಿದ್ದೀರಿ, ಡಾಕ್ಟರ್ ಹೇಳಿದರೆ ಆಗುವುದಿಲ್ಲ ಎನ್ನುವುದು ಹೇಗೆ ಎಂದು. ಕಷ್ಟ ಗೊತ್ತುಂಟು, ನನ್ನಿಂದಲೂ ಆಗಲಿಲ್ಲ ಆವತ್ತು. "ಸರ್, ಚಾರ್ಟಿನಲ್ಲಿ ಬರೆದುಕೊಡ್ತೀರಾ?" ಎಂದಷ್ಟೇ ಕೇಳಿ. ಹೆಂಗಸಾದರೆ ಮುಟ್ಟಿನ ತಾರೀಕು ನೀವೇ ಕೇಳಿ, ಅತ್ತೆಯನ್ನು ಹೊರಗೆ ಕಳಿಸಿ ಕೇಳಿ. ಅರ್ಧ ಗಂಟೆಗೊಮ್ಮೆ ನಾಡಿ ನೋಡಿ. ಕೂಗು ನಿಂತಿದ್ದರೂ ನೋಡಿ.

ಆಂಟಿ ನಿನ್ನೆ ಡಿಸ್ಚಾರ್ಜ್ ಆದರು. ಮಗ ವೀಲ್‌ಚೇರ್ ತಳ್ಳುತ್ತ ಬಂದು ಒಂದು ಡಬ್ಬ ಬಿಸ್ಕೆಟ್ ಕೊಟ್ಟ, ಸ್ವಲ್ಪ ನಾಚಿಕೊಂಡೇ. ಆಂಟಿ ನನ್ನ ಕೈ ಹಿಡಿದು ನೋಡಿ ಪಕ್ಕದ ಬೆಡ್ಡಿನವರಿಗೆ ಹೇಳಿದರು: "ಈ ಮಿಸ್ಸಿ ಒಳ್ಳೆಯವಳು, ಕೈ ಮಾತ್ರ ಐಸಿನ ಹಾಗೆ ತಣ್ಣಗೆ."

ನಾಳೆಯಿಂದ ಮೂರು ದಿನ ಮಧ್ಯಾಹ್ನದ ಶಿಫ್ಟು. ಇಲ್ಲಿ ಗಡಿಯಾರ ನಿಮಗಿಂತ ಎರಡೂವರೆ ಗಂಟೆ ಮುಂದೆ, ಕಮೆಂಟಿಗೆ ಉತ್ತರ ತಡವಾದರೆ ಬೇಸರ ಮಾಡಬೇಡಿ. ಅಣ್ಣ, ನೀನು ಮಾತ್ರ ಫೋನ್ ಮಾಡು.